ಮನೆಗೆ ಬರುವ ಆಹಾರ ಕಿಟ್ ಮತ್ತು ಸಕ್ಕರೆ ಕಾಯಿಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಡಿಮೆ ಆದಾಯದ ಮಧುಮೇಹಿಗಳ ಮನೆಗೆ ವಾರವಾರ ಒಳ್ಳೆಯ ಆಹಾರ ತಲುಪಿಸಿ, ಅದರ ಜೊತೆಗೆ ಮಾರ್ಗದರ್ಶನವನ್ನೂ ಕೊಡುವ ಯೋಜನೆಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಕಿಟ್ ಹಂಚುವವರೂ ಬರೆದಿದ್ದಾರೆ, ಪಡೆಯುವವರೂ ಬರೆದಿದ್ದಾರೆ. ಇಲ್ಲಿ ಹೇಳಿರುವುದು ಟೈಪ್ 2 ಮಧುಮೇಹ ಇರುವ ವಯಸ್ಕರಿಗೆ. ಟೈಪ್ 1 ಇರುವವರು, ಗರ್ಭಿಣಿಯರು ಮತ್ತು ಮಕ್ಕಳ ಲೆಕ್ಕವೇ ಬೇರೆ. ತುರ್ತಾಗಿ ಉತ್ತರ ಬೇಕಾದ ಪ್ರಶ್ನೆ ಮೊದಲು.

ಪ್ರಶ್ನೆ: ಅಪ್ಪನಿಗೆ 66 ವರ್ಷ. ಬೆಳಿಗ್ಗೆ, ರಾತ್ರಿ ಮಿಕ್ಸ್ ಇನ್ಸುಲಿನ್, ಜೊತೆಗೆ ಗ್ಲಿಮೆಪಿರೈಡ್ ಮಾತ್ರೆ. ಎರಡು ವಾರದಿಂದ ಕಿಟ್ ಬರುತ್ತಿದೆ, ಅದರಲ್ಲಿರುವುದನ್ನೇ ಅಡುಗೆ ಮಾಡುತ್ತಿದ್ದೇವೆ. ಈಗ ಮಧ್ಯಾಹ್ನದ ಊಟಕ್ಕೆ ಮುಂಚೆ ಕೈ ನಡುಗುತ್ತದೆ, ಬೆವರುತ್ತಾರೆ. ಈ ಆಹಾರ ಅವರಿಗೆ ಒಗ್ಗುತ್ತಿಲ್ಲವೇ? ನಿಲ್ಲಿಸಿಬಿಡೋಣವೇ?

ಉತ್ತರ: ಆಹಾರವನ್ನು ನಿಲ್ಲಿಸಬೇಡಿ. ನೀವು ಹೇಳುತ್ತಿರುವುದು ಸಕ್ಕರೆ ತೀರಾ ಇಳಿದಾಗ ಕಾಣುವ ಲಕ್ಷಣ. ಇವತ್ತೇ ವೈದ್ಯರಿಗೆ ಫೋನ್ ಮಾಡಿ.

ಹೀಗಾಗಲು ಕಾರಣವಿದೆ. ತಟ್ಟೆಯ ತುಂಬ ಪಿಷ್ಟವಿದ್ದ ಕಾಲಕ್ಕೆ ಹೊಂದುವಂತೆ ಇನ್ಸುಲಿನ್ ಮತ್ತು ಮಾತ್ರೆಯ ಪ್ರಮಾಣ ನಿಗದಿಯಾಗಿತ್ತು. ಈಗ ಪಿಷ್ಟ ಕಡಿಮೆಯಾಗಿದೆ, ತರಕಾರಿ ಬೇಳೆಕಾಳು ಹೆಚ್ಚಾಗಿವೆ. ಔಷಧಿ ಮಾತ್ರ ಹಳೆಯ ಪ್ರಮಾಣದಲ್ಲೇ ಉಳಿದಿದೆ. ಬೆಳಿಗ್ಗೆ ಚುಚ್ಚಿದ ಮಿಕ್ಸ್ ಇನ್ಸುಲಿನ್‌ನ ನಿಧಾನ ಭಾಗ ಮಧ್ಯಾಹ್ನವೂ ಕೆಲಸ ಮಾಡುತ್ತಿರುತ್ತದೆ, ಗ್ಲಿಮೆಪಿರೈಡ್ ಕೂಡ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಊಟ ಅರ್ಧ ಗಂಟೆ ತಡವಾದರೂ ಸಾಕು, ಸಕ್ಕರೆ ಕುಸಿಯುತ್ತದೆ.

ನಡುಕ ಬಂದ ತಕ್ಷಣ ಮೀಟರ್‌ನಲ್ಲಿ ನೋಡಿ. 70 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಥವಾ ಮೀಟರ್ ಕೈಗೆ ಸಿಗದಿದ್ದರೆ, 15 ಗ್ರಾಂ ಸಕ್ಕರೆ ಕೊಡಿ: ನೀರಿನಲ್ಲಿ ಕದಡಿದ 3–4 ಟೀ ಚಮಚ ಸಕ್ಕರೆ ಅಥವಾ ಅರ್ಧ ಲೋಟ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಊಟ ಬಡಿಸಿ. ಚಾಕೊಲೇಟ್, ಬಿಸ್ಕತ್ತು ಕೊಡಬೇಡಿ. ಅವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಅವರು ಅಕಾರ್ಬೋಸ್ ಮಾತ್ರೆಯನ್ನೂ ನುಂಗುತ್ತಿದ್ದರೆ ಮಾಮೂಲಿ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. 54ಕ್ಕಿಂತ ಕೆಳಗೆ ಇಳಿದರೆ ಅದು ಅಪಾಯದ ಮಟ್ಟ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಸಿ.

ಇನ್ನೂ ಒಂದು ವಿಷಯ. ಗ್ಲಿಮೆಪಿರೈಡ್, ಅದಕ್ಕಿಂತ ಹೆಚ್ಚಾಗಿ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯಿಂದ ಇಳಿದ ಸಕ್ಕರೆ, ಒಮ್ಮೆ ಏರಿದಂತೆ ಕಂಡರೂ ಗಂಟೆಗಳ ನಂತರ ಮತ್ತೆ ಕುಸಿಯಬಹುದು. ವಯಸ್ಸಾದವರಲ್ಲಿ, ಮೂತ್ರಪಿಂಡ ಸೊರಗಿದವರಲ್ಲಿ ಈ ಭಯ ಜಾಸ್ತಿ. ಆ ದಿನ ಅವರನ್ನು ಒಬ್ಬರನ್ನೇ ಬಿಡಬೇಡಿ.

ವೈದ್ಯರ ಬಳಿ ಹೋಗುವಾಗ 3 ದಿನದ ಅಂಕಿಗಳನ್ನು (ಬರಿ ಹೊಟ್ಟೆ, ಮಧ್ಯಾಹ್ನದ ಊಟಕ್ಕೆ ಮುಂಚೆ, ಮಲಗುವ ಮುಂಚೆ) ಬರೆದುಕೊಂಡು ಹೋಗಿ. ಕಿಟ್ ಬರುತ್ತಿದೆ, ಊಟ ಬದಲಾಗಿದೆ ಎಂದು ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವ ದಾರಿಯಿಲ್ಲ.

ಕಿಟ್ ಹಂಚುವವರಿಗೂ ಇಲ್ಲೇ ಒಂದು ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಬಳಸುವವರಿಗೆ ಮೊದಲ ಕಿಟ್ ಕೊಡುವ ಮುಂಚೆಯೇ ಅವರ ವೈದ್ಯರಿಗೆ ಒಂದು ಚೀಟಿ ಹೋಗಬೇಕು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆ ಬಳಸುವವರದು ಇನ್ನೊಂದು ಬಗೆಯ ಎಚ್ಚರಿಕೆ: ಅವರು ಪಿಷ್ಟವನ್ನು ಪೂರ್ತಿ ಬಿಟ್ಟರೆ ಅಥವಾ ಉಪವಾಸ ಮಾಡಿದರೆ, ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ಸೇರಿಕೊಳ್ಳಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಆಸ್ಪತ್ರೆಗೆ ಹೋಗಲೇಬೇಕು.

ಪ್ರಶ್ನೆ: ತಿಂಗಳ ಕೊನೆಯಲ್ಲಿ ಮನೆಯಲ್ಲಿ ಏನೂ ಇರುವುದಿಲ್ಲ. ಒಂದೊಂದು ಹೊತ್ತು ಊಟ ತಪ್ಪುತ್ತದೆ. ಮಾತ್ರೆ ಮಾತ್ರ ತಪ್ಪಿಸಬಾರದು ಎಂದಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯನ್ನು ಪ್ರತಿಯೊಬ್ಬ ವೈದ್ಯರೂ ಓದಬೇಕು. ಹೊಟ್ಟೆಗಿಲ್ಲದ ದಿನಗಳಿಂದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಂಕಿಅಂಶಗಳಲ್ಲೂ ಕಂಡಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಡಿಮೆ ಆದಾಯದವರಲ್ಲಿ ಸಕ್ಕರೆ ಇಳಿದು ಆಸ್ಪತ್ರೆ ಸೇರುವ ಪ್ರಮಾಣ ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ 27% ಹೆಚ್ಚಿತ್ತು ಎಂದು ತೋರಿಸಿತು. ಹೆಚ್ಚು ಆದಾಯದವರಲ್ಲಿ ಅಂಥ ಏರಿಕೆ ಇರಲಿಲ್ಲ.

ಮುಂದಿನ ಭೇಟಿಯಲ್ಲಿ ವೈದ್ಯರನ್ನು ನೇರವಾಗಿ ಕೇಳಿ: "ಊಟವಿಲ್ಲದ ಹೊತ್ತು ಯಾವ ಮಾತ್ರೆ ಬಿಡಬೇಕು, ಯಾವುದನ್ನು ಬಿಡಬಾರದು?" ಉತ್ತರವನ್ನು ಬರೆಸಿಕೊಂಡು ಮಾತ್ರೆ ಡಬ್ಬಿಯ ಮೇಲೆ ಅಂಟಿಸಿ. ಸಾಮಾನ್ಯವಾಗಿ ಊಟದ ಜೊತೆಗೇ ಹೋಗಬೇಕಾದ ಔಷಧಿಗಳೆಂದರೆ ಊಟಕ್ಕೆ ಮುಂಚಿನ ವೇಗದ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಗುಂಪಿನ ಮಾತ್ರೆಗಳು. ಊಟವಿಲ್ಲದೆ ಅವು ಅಪಾಯ. ದಿನಕ್ಕೊಮ್ಮೆ ತೆಗೆದುಕೊಳ್ಳುವ ದೀರ್ಘಾವಧಿ ಇನ್ಸುಲಿನ್ ಅನ್ನು ಹೇಳದೆ ಕೇಳದೆ ನಿಲ್ಲಿಸಬಾರದು. ಮಿಕ್ಸ್ ಇನ್ಸುಲಿನ್‌ನಲ್ಲಿ ಎರಡೂ ಬೆರೆತಿರುವುದರಿಂದ ಊಟದ ಹೊತ್ತು ನಿಶ್ಚಯವಿಲ್ಲದವರಿಗೆ ಅದು ಹೊಂದುವುದು ಕಷ್ಟ. ಬದಲಾಯಿಸಲು ಸಾಧ್ಯವೇ ಎಂದು ಕೇಳುವ ಹಕ್ಕು ನಿಮಗಿದೆ.

ಕಿಟ್ ಯೋಜನೆಯವರಿಗೆ ಇದರಿಂದ ತಿಳಿಯಬೇಕಾದದ್ದು: ತಿಂಗಳಿಗೊಮ್ಮೆ ದೊಡ್ಡ ಕಿಟ್ ಕೊಡುವುದಕ್ಕಿಂತ ವಾರಕ್ಕೊಂದು ಚಿಕ್ಕದು ಮೇಲು. ತಿಂಗಳಿಗೊಮ್ಮೆಯೇ ಸಾಧ್ಯ ಎನ್ನುವವರು ಮೂರನೆಯ ವಾರ ಮುಗಿಯುವ ಹೊತ್ತಿಗೆ ತಲುಪಿಸಲಿ.

ಪ್ರಶ್ನೆ: ನಮ್ಮ ಸ್ವಯಂಸೇವಕರ ಗುಂಪು 40 ಕುಟುಂಬಗಳಿಗೆ ಕಿಟ್ ಕೊಡಲು ಹೊರಟಿದೆ. ಯಾರಿಗೆ ಕೊಡಬೇಕು, ಏನೇನು ಹಾಕಬೇಕು, ಎಷ್ಟು?

ಉತ್ತರ: ಆಯ್ಕೆಗೆ ಎರಡು ಅಳತೆ ಸಾಕು. ಒಂದು, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ರಕ್ತಪರೀಕ್ಷೆ) 8 ಅಥವಾ ಅದಕ್ಕಿಂತ ಹೆಚ್ಚು. ಇನ್ನೊಂದು, ಊಟದ ಅಭದ್ರತೆ. ಇದಕ್ಕೆ ವೈದ್ಯಲೋಕದಲ್ಲಿ ಬಳಕೆಯಲ್ಲಿರುವ ಎರಡು ಪ್ರಶ್ನೆಗಳಿವೆ: ಕಳೆದ 12 ತಿಂಗಳಲ್ಲಿ, ದುಡ್ಡು ಬರುವ ಮುಂಚೆಯೇ ದಿನಸಿ ಮುಗಿದೀತೆಂಬ ಚಿಂತೆ ಆಗಿತ್ತೇ? ತಂದ ದಿನಸಿ ಮುಗಿದು, ಮತ್ತೆ ತರಲು ದುಡ್ಡಿಲ್ಲದೆ ಹೋಗಿತ್ತೇ? ಯಾವುದಾದರೂ ಒಂದಕ್ಕೆ "ಆಗಾಗ" ಅಥವಾ "ಕೆಲವೊಮ್ಮೆ" ಎಂಬ ಉತ್ತರ ಬಂದರೆ ಆ ಮನೆ ಪಟ್ಟಿಗೆ ಸೇರಲಿ. ನಾಲ್ಕು ಜನರ ಎದುರು ಇದನ್ನು ಕೇಳಬೇಡಿ. ಸಂಕೋಚಕ್ಕೆ "ಇಲ್ಲ" ಎಂದುಬಿಡುತ್ತಾರೆ.

ಪ್ರಮಾಣದ ಲೆಕ್ಕ ತಟ್ಟೆಯಿಂದ ಶುರುವಾಗಲಿ. ಸುಮಾರು 23 ಸೆಂಟಿಮೀಟರ್ ಅಗಲದ ತಟ್ಟೆ: ಅರ್ಧ ಭಾಗ ಪಿಷ್ಟವಿಲ್ಲದ ತರಕಾರಿ, ಸೊಪ್ಪು, ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನಿನಂಥ ಪ್ರೋಟೀನ್, ಉಳಿದ ಕಾಲು ಭಾಗ ಧಾನ್ಯ. ಆಲೂಗಡ್ಡೆ ಮತ್ತು ಗೆಣಸು ಧಾನ್ಯದ ಕಾಲು ಭಾಗಕ್ಕೆ ಸೇರುತ್ತವೆಯೇ ಹೊರತು ತರಕಾರಿಯ ಅರ್ಧಕ್ಕಲ್ಲ. ಕಿಟ್ ತಯಾರಿಸುವವರು ಹೆಚ್ಚಾಗಿ ಎಡವುವುದು ಇಲ್ಲಿ: ಅಗ್ಗ, ಕೆಡುವುದಿಲ್ಲ ಎಂದು ಚೀಲದ ಅರ್ಧ ಆಲೂಗಡ್ಡೆಯನ್ನೇ ತುಂಬುತ್ತಾರೆ.

ಹೆಚ್ಚು ಮೈಕೆಲಸವಿಲ್ಲದ ಒಬ್ಬ ವಯಸ್ಕರಿಗೆ ಒಂದು ವಾರಕ್ಕೆ ನಾವು ಸೂಚಿಸುವ ಅಂದಾಜು ಹೀಗಿದೆ. ಆ ಮನೆಯವರು ಉಣ್ಣುವ ರೂಢಿಯ ಧಾನ್ಯ, ಆದಷ್ಟೂ ತೌಡು ತೆಗೆಯದ್ದು, 1.2 ಕಿಲೋ, ಒಣ ಬೇಳೆಕಾಳು 500 ಗ್ರಾಂ, ಸೊಪ್ಪು ತರಕಾರಿ ಸಿಪ್ಪೆ ಸಹಿತ 3 ಕಿಲೋ, ಹಣ್ಣು 1 ಕಿಲೋ, ಮೊಟ್ಟೆ 6–7, ತಿನ್ನದವರಿಗೆ ಬೇಳೆಕಾಳು ಇನ್ನೂ 200 ಗ್ರಾಂ, ಉಪ್ಪು ಬೆರೆಸದ ಕಡಲೆಬೀಜ ಅಥವಾ ಬೇರೆ ಬೀಜ 175 ಗ್ರಾಂ, ಅಡುಗೆ ಎಣ್ಣೆ 175 ಮಿಲಿಲೀಟರ್, ಸಿಹಿ ಬೆರೆಸದ ಹಾಲು ಅಥವಾ ಮೊಸರು ಒಂದೂಮುಕ್ಕಾಲು ಲೀಟರ್. ಇಷ್ಟರಲ್ಲಿ ದಿನಕ್ಕೆ ಸುಮಾರು 1,600 ಕ್ಯಾಲೊರಿ ಸಿಗುತ್ತದೆ. ದಿನವಿಡೀ ಮೈಮುರಿದು ದುಡಿಯುವವರಿಗೆ ಇದು ಸಾಲದು. ಅವರಿಗೆ ಧಾನ್ಯ, ಕಾಳು, ಎಣ್ಣೆ ಮೂರನ್ನೂ ಹೆಚ್ಚಿಸಬೇಕು. ಇಲ್ಲದಿದ್ದರೆ ಹಸಿವು ತಾಳದೆ ಹೊರಗಿನದನ್ನು ತಿನ್ನುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕಿಟ್ ಇಡೀ ಮನೆಗೆ ಸಾಲುವಷ್ಟಿರಲಿ. ಒಬ್ಬರಿಗೆಂದು ಕೊಟ್ಟದ್ದನ್ನು ಯಾವ ತಾಯಿಯೂ ಮಕ್ಕಳ ಮುಂದೆ ಒಬ್ಬಳೇ ಕೂತು ತಿನ್ನುವುದಿಲ್ಲ. ನಾಲ್ಕು ಜನರ ಮನೆಗೆ ಒಬ್ಬರ ಕಿಟ್ ಹೋದರೆ ರೋಗಿಗೆ ದಕ್ಕುವುದು ಕಾಲು ಭಾಗ, ಕೆಲವೊಮ್ಮೆ ಅದೂ ಇಲ್ಲ. 40 ಮನೆಗೆ ಅರ್ಧಂಬರ್ಧ ಕೊಡುವ ಬದಲು 15 ಮನೆಗೆ ಪೂರ್ತಿ ಕೊಡಿ ಎಂಬುದು ನಮ್ಮ ಸಲಹೆ. ಅಡುಗೆ ಯಾರು ಮಾಡುತ್ತಾರೆ, ಒಲೆ ಎಂಥದು, ಇಂಧನ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಮೊದಲೇ ಕೇಳಿ. ಗಂಟೆಗಟ್ಟಲೆ ಬೇಯಬೇಕಾದ ಕಾಳನ್ನು ಇಂಧನವಿಲ್ಲದ ಮನೆಗೆ ಕೊಟ್ಟರೆ ಅದು ಮೂಲೆ ಸೇರುತ್ತದೆ.

ಪ್ರಶ್ನೆ: ಫ್ರಿಜ್ ಇಲ್ಲ. ಎರಡನೇ ದಿನಕ್ಕೇ ಸೊಪ್ಪು ಬಾಡುತ್ತದೆ.

ಉತ್ತರ: ವಾರಕ್ಕೆ ಎರಡು ಸಲ, ಅರ್ಧರ್ಧ ತಲುಪಿಸಲು ಕೇಳಿ. ಸೊಪ್ಪನ್ನು ಮೊದಲ ದಿನ, ಟೊಮೆಟೊ, ಬೀನ್ಸ್‌ನಂಥವನ್ನು ಎರಡು ಮೂರನೇ ದಿನ ಬಳಸಿ. ಎಲೆಕೋಸು, ಕ್ಯಾರೆಟ್, ಕುಂಬಳ, ಈರುಳ್ಳಿಯನ್ನು ಕೊನೆಗಿಡಿ. ಡಬ್ಬಿಯಲ್ಲಿ ಬಂದ ಕಾಳಾದರೆ ಅದರ ನೀರು ಚೆಲ್ಲಿ, ಎರಡು ಸಲ ತೊಳೆದರೆ ಉಪ್ಪು ಸಾಕಷ್ಟು ಹೋಗುತ್ತದೆ. ಬೇಯಿಸಿದ ಆಹಾರವನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬೇಡಿ, ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ. ಬೇಯಿಸಿದ ಊಟವನ್ನೇ ಹಂಚುವ ಯೋಜನೆಗಳು ಅದನ್ನು 60 ಡಿಗ್ರಿಗಿಂತ ಬಿಸಿಯಾಗಿ ಇಲ್ಲವೇ 5 ಡಿಗ್ರಿಗಿಂತ ತಣ್ಣಗೆ ಸಾಗಿಸಬೇಕು. ಇನ್ಸುಲಿನ್ ಇರುವ ಮನೆಯಾದರೆ ಬಳಕೆಯಲ್ಲಿರುವ ಸೀಸೆಯನ್ನು ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಹಾಗೆ ಮುಚ್ಚಿದ ಡಬ್ಬಿಯಲ್ಲಿಡಿ. ಕೋಣೆಗಿಂತ ಕೆಲವು ಡಿಗ್ರಿ ತಂಪಾಗಿರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಇಂಥ ದೊಡ್ಡ ಪ್ರಯೋಗ ನಡೆದು, ಪ್ರಯೋಜನವಿಲ್ಲ ಎಂದು ಗೊತ್ತಾಯಿತಂತೆ. ಹಾಗಿದ್ದರೆ ಈ ಖರ್ಚು ಏಕೆ?

ಉತ್ತರ: ಫಲಿತಾಂಶ ನಿಜ, ಆದರೆ ನೀವು ಕೇಳಿದ ಸುದ್ದಿ ಅರ್ಧ. ಆ ಅಧ್ಯಯನ 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಎಚ್‌ಬಿಎ1ಸಿ 8 ಅಥವಾ ಹೆಚ್ಚಿದ್ದ, ಊಟದ ಅಭದ್ರತೆ ಇದ್ದ ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಇಡೀ ಮನೆಗೆ ವಾರಕ್ಕೆ 10 ಊಟಕ್ಕಾಗುವಷ್ಟು ಆರೋಗ್ಯಕರ ಸಾಮಗ್ರಿ, ಜೊತೆಗೆ ಆಹಾರತಜ್ಞರ ಸಲಹೆ, ನರ್ಸ್ ತಪಾಸಣೆ, ಮಾರ್ಗದರ್ಶನ. ಇನ್ನೊಂದು ಗುಂಪಿಗೆ ಆರು ತಿಂಗಳು ಮಾಮೂಲಿ ಚಿಕಿತ್ಸೆ. ಆರು ತಿಂಗಳಿಗೆ ಮೊದಲ ಗುಂಪಿನಲ್ಲಿ ಎಚ್‌ಬಿಎ1ಸಿ 1.5 ಅಂಶ ಇಳಿದಿತ್ತು, ಎರಡನೆಯದರಲ್ಲಿ 1.3. ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು.

ಕಿಟ್ ಇಲ್ಲದವರಲ್ಲೂ ಅಷ್ಟೊಂದು ಇಳಿದದ್ದು ಹೇಗೆ? ಸಕ್ಕರೆ ತೀರಾ ಏರಿದ್ದ ಹೊತ್ತಿನಲ್ಲೇ ಜನರನ್ನು ಆರಿಸಿದರೆ, ಅವರಲ್ಲಿ ಬಹಳಷ್ಟು ಜನರ ಅಂಕಿ ಮುಂದಿನ ಅಳತೆಯಲ್ಲಿ ತಾನಾಗಿಯೇ ತಗ್ಗುತ್ತದೆ. ಏರಿದ್ದು ಗೊತ್ತಾದ ಮೇಲೆ ವೈದ್ಯರು ಔಷಧಿ ಹೆಚ್ಚಿಸಿರುತ್ತಾರೆ, ರೋಗಿಯೂ ಹುಷಾರಾಗಿರುತ್ತಾರೆ. ಹೋಲಿಕೆಯ ಗುಂಪು ಇಲ್ಲದೆ "ಮೊದಲು 10 ಇತ್ತು, ಈಗ 8.5" ಎಂದು ಹೇಳಿಕೊಳ್ಳುವ ಯೋಜನೆಗಳನ್ನು ಅನುಮಾನದಿಂದಲೇ ನೋಡಬೇಕು ಎಂಬುದು ಈ ಪ್ರಯೋಗ ಕಲಿಸಿದ ದೊಡ್ಡ ಪಾಠ.

ಆದರೆ ಅದರಿಂದ "ಊಟ ಕೊಡುವುದು ವ್ಯರ್ಥ" ಎಂಬ ತೀರ್ಮಾನಕ್ಕೆ ಬರಲಾಗದು. ಮಾರ್ಗದರ್ಶನಕ್ಕೆ ಶಕ್ತಿಯಿದೆ ಎಂಬುದಕ್ಕೆ ಗಟ್ಟಿ ಆಧಾರವಿದೆ: 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ, ದೇಹತೂಕ 7% ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟು, ಬಿಡದೆ ಹಿಂಬಾಲಿಸಿದವರಲ್ಲಿ ಹೊಸದಾಗಿ ಮಧುಮೇಹ ಬರುವುದು 58% ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಗುಂಪಿನಲ್ಲಿ 31%. ಅದು ಕಾಯಿಲೆ ಇನ್ನೂ ಬಾರದವರ ಮೇಲೆ ನಡೆದದ್ದು, ನಿಜ. ಕಾಯಿಲೆ ಬಂದು ವರ್ಷಗಳಾದವರಲ್ಲಿ ಬುಟ್ಟಿ ಕೊಟ್ಟ ಮಾತ್ರಕ್ಕೆ ಅಂಕಿ ಬೀಳುವುದಿಲ್ಲ. ಊಟ, ಔಷಧಿ, ಮಾರ್ಗದರ್ಶನ ಮೂರೂ ಒಂದೇ ಕಡತದಲ್ಲಿ ಕೂಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಲ್ಲದೆ, ಎಚ್‌ಬಿಎ1ಸಿ ಒಂದಂಶವೂ ಇಳಿಯದಿದ್ದರೂ ಮನೆಯವರೆಲ್ಲ ಎರಡು ಹೊತ್ತು ಹೊಟ್ಟೆತುಂಬ ಉಂಡಿದ್ದರೆ ಆ ಖರ್ಚು ಹಾಳಾಗಿಲ್ಲ.

ಪ್ರಶ್ನೆ: ನಾನು ಫೋನ್ ಮೂಲಕ 12 ಜನರಿಗೆ ಮಾರ್ಗದರ್ಶನ ಮಾಡುತ್ತೇನೆ. ಒಬ್ಬರು ಎಲ್ಲದಕ್ಕೂ "ಹೂಂ, ಸರಿ" ಎನ್ನುತ್ತಾರೆ. ಮೂರು ತಿಂಗಳಾದರೂ ಎಚ್‌ಬಿಎ1ಸಿ 9.6ರಲ್ಲೇ ಇದೆ.

ಉತ್ತರ: "ಹೂಂ" ಎನ್ನುವವರು ಫೋನ್ ಬೇಗ ಮುಗಿಸಬೇಕೆಂದಿರುತ್ತಾರೆ ಅಥವಾ ಬೈಗುಳಕ್ಕೆ ಹೆದರಿರುತ್ತಾರೆ. "ಸಿಹಿ ತಿಂದಿರಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುವುದು. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಹೊಟ್ಟೆಗೆ ಹೋಯಿತು, ಹೇಳಿ" ಎಂದು ಕೇಳಿ ಸುಮ್ಮನಿರಿ. ನೀವು ಹೇಳಿಕೊಟ್ಟದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಿಸಿ. ಒಂದು ಕರೆಗೆ ಒಂದೇ ಬದಲಾವಣೆ. "ಇದನ್ನು ಮಾಡಬಲ್ಲೆ ಎಂಬ ಭರವಸೆ 10ಕ್ಕೆ ಎಷ್ಟು?" ಎಂದು ಕೇಳಿ, 7ಕ್ಕಿಂತ ಕಡಿಮೆ ಹೇಳಿದರೆ ಗುರಿಯನ್ನೇ ಚಿಕ್ಕದು ಮಾಡಿ: ದಿನಕ್ಕೆ ಅರ್ಧ ಗಂಟೆ ನಡಿಗೆ ಆಗದಿದ್ದರೆ ರಾತ್ರಿ ಊಟದ ಮೇಲೆ 10 ನಿಮಿಷ. ಮೊದಲ ತಿಂಗಳು ವಾರಕ್ಕೊಂದು, ಆಮೇಲೆ 15 ದಿನಕ್ಕೊಂದು ಕರೆ ಸಾಕು.

ಮೀಟರ್‌ಗೆ ಹಾಕುವ ಸ್ಟ್ರಿಪ್ ದುಬಾರಿ ವಸ್ತು, ಅದನ್ನು ಪಾಠಕ್ಕೆ ಬಳಸಿ. ಒಂದೇ ಊಟವನ್ನು ಆರಿಸಿಕೊಂಡು, ಅದಕ್ಕೆ ಮುಂಚೆ ಮತ್ತು ಮೊದಲ ತುತ್ತಿನಿಂದ 2 ಗಂಟೆಗೆ, 3 ದಿನ ಅಳೆಯಲಿ, 6 ಸ್ಟ್ರಿಪ್. ಏರಿಕೆ 50 ದಾಟುತ್ತಿದ್ದರೆ ಆ ಊಟದಲ್ಲಿ ಒಂದನ್ನು ಬದಲಿಸಿ: ಧಾನ್ಯ ಒಂದು ಹಿಡಿ ಕಡಿಮೆ, ಅಥವಾ ತರಕಾರಿ, ಕಾಳನ್ನು ಮೊದಲು ತಿಂದು ಧಾನ್ಯವನ್ನು ಕೊನೆಗೆ. ಮತ್ತೆ 6 ಸ್ಟ್ರಿಪ್. ತಮ್ಮ ತಟ್ಟೆ ತಮ್ಮ ರಕ್ತದಲ್ಲಿ ಏನು ಮಾಡಿತು ಎಂದು ಅವರೇ ಕಂಡದ್ದು, ನೀವು ನೂರು ಸಲ ಹೇಳಿದ್ದಕ್ಕಿಂತ ಚೆನ್ನಾಗಿ ನಾಟುತ್ತದೆ. ಹೆಚ್ಚಿನವರಿಗೆ ಗುರಿ ಬರಿ ಹೊಟ್ಟೆಯಲ್ಲಿ 80–130, ಊಟವಾದ ಮೇಲೆ 180ರೊಳಗೆ.

ಊಟ ನಿಜಕ್ಕೂ ಬದಲಾಗಿದ್ದರೂ ಅಂಕಿ ಕದಲದಿದ್ದರೆ ಊಟದಾಚೆ ಹುಡುಕಿ. ಇನ್ಸುಲಿನ್ ಅನ್ನು ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಗಂಟು ಕಟ್ಟಿದೆಯೇ, ಸವರಿ ನೋಡಲು ಹೇಳಿ. ಗಂಟಿನೊಳಗೆ ಹೋದ ಔಷಧಿ ಸರಿಯಾಗಿ ಹೀರುವುದಿಲ್ಲ. ತೆರೆದ ಸೀಸೆಗೆ ನಾಲ್ಕು ವಾರ ಮೀರಿದೆಯೇ, ಬಿಸಿಲಿನಲ್ಲಿತ್ತೇ? ದುಡ್ಡು ಉಳಿಸಲು ಮಾತ್ರೆಯನ್ನು ಅರ್ಧ ಮಾಡುತ್ತಿದ್ದಾರೆಯೇ? ಕೀಲುನೋವಿಗೋ ಉಬ್ಬಸಕ್ಕೋ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದಾರೆಯೇ? ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಎಚ್‌ಬಿಎ1ಸಿಯನ್ನು ಸುಳ್ಳಾಗಿ ಏರಿಸಬಲ್ಲದು. ಇತ್ತೀಚೆಗೆ ರಕ್ತ ಕೊಡಿಸಿದ್ದರೆ ಆ ಅಂಕಿಯನ್ನು ನಂಬುವಂತಿಲ್ಲ. ಇವನ್ನೆಲ್ಲ ಗುರುತಿಸಿ ವೈದ್ಯರಿಗೆ ತಿಳಿಸುವುದು ನಿಮ್ಮ ಕೆಲಸ, ಔಷಧಿಯ ಪ್ರಮಾಣ ಬದಲಿಸುವುದಲ್ಲ. ಸಕ್ಕರೆ ಎರಡು ಸಲ ಸತತವಾಗಿ 300 ದಾಟಿದರೆ ಅದೇ ದಿನ ವೈದ್ಯರಿಗೆ ಸುದ್ದಿ ಹೋಗಬೇಕು.

ಪ್ರಶ್ನೆ: ಕಿಟ್‌ನಲ್ಲಿ ಶುಗರ್‌ಫ್ರೀ ಬಿಸ್ಕತ್ತು, ಜೇನು ಹಾಕಬಹುದೇ?

ಉತ್ತರ: ಬೇಡ. ಶುಗರ್‌ಫ್ರೀ ಬಿಸ್ಕತ್ತಿನಲ್ಲಿ ಮೈದಾ, ಕೊಬ್ಬು ಹಾಗೇ ಇರುತ್ತವೆ, ಬೆಲೆ ಹೆಚ್ಚು. ಜೇನೂ ಸಕ್ಕರೆಯೇ. ಆ ದುಡ್ಡಿಗೆ ಕಾಳು ಕೊಡಿ.

ಪ್ರಶ್ನೆ: ಬಿಪಿಗೆಂದು ಸೋಡಿಯಂ ಕಡಿಮೆ ಇರುವ ಉಪ್ಪು ಕಿಟ್‌ನಲ್ಲಿ ಬಂದಿದೆ. ಅಮ್ಮನಿಗೆ ಮೂತ್ರಪಿಂಡದ ತೊಂದರೆಯೂ ಇದೆ. ಬಳಸಬಹುದೇ?

ಉತ್ತರ: ವೈದ್ಯರನ್ನು ಕೇಳುವವರೆಗೆ ಬಳಸಬೇಡಿ. ಅಂಥ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟಾಸಿಯಂ ಕ್ಲೋರೈಡ್ ಇರುತ್ತದೆ. ಸೊರಗಿದ ಮೂತ್ರಪಿಂಡಕ್ಕೆ ಪೊಟಾಸಿಯಂ ಹೊರಹಾಕಲಾಗುವುದಿಲ್ಲ. ಎನಾಲಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ಜೊತೆಗಿದ್ದರೆ ಅದು ಇನ್ನೂ ಏರುತ್ತದೆ, ಹೃದಯದ ಬಡಿತವೇ ತಪ್ಪಬಹುದು. ಮಾಮೂಲಿ ಉಪ್ಪನ್ನೇ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕೆ ಸ್ವಲ್ಪ ಕಡಿಮೆ, ಇಟ್ಟುಕೊಳ್ಳಿ. ಇವರಿಗೆ ಬೇಳೆಕಾಳು, ಹಣ್ಣಿನ ಪ್ರಮಾಣವನ್ನೂ ಆಹಾರತಜ್ಞರೇ ಹೇಳಬೇಕು.

ಪ್ರಶ್ನೆ: ನಮ್ಮ ಅನುದಾನ ಒಂದು ವರ್ಷಕ್ಕೆ ಮಾತ್ರ. ಆಮೇಲೆ?

ಉತ್ತರ: ಥಟ್ಟನೆ ನಿಲ್ಲಿಸಬೇಡಿ. ಒಂಬತ್ತನೇ ತಿಂಗಳಿನಿಂದ ವಾರದ ಕಿಟ್ ಅನ್ನು ಹದಿನೈದು ದಿನಕ್ಕೊಂದು ಮಾಡಿ, ಮಾರ್ಗದರ್ಶನದ ಕರೆಗಳನ್ನು ಮಾತ್ರ ಕಡಿಮೆ ಮಾಡದೆ ಮುಂದುವರಿಸಿ. ಅವರ ಸ್ವಂತ ದುಡ್ಡಿನಲ್ಲಿ ಏನನ್ನು ಉಳಿಸಿಕೊಳ್ಳಬಹುದು ಎಂದು ಜೊತೆಯಲ್ಲಿ ಕೂತು ಪಟ್ಟಿ ಮಾಡಿ. ಸಾಮಾನ್ಯವಾಗಿ ಒಣ ಕಾಳು ಮತ್ತು ಆಯಾ ಕಾಲದ ತರಕಾರಿ ಉಳಿಯುತ್ತವೆ, ಹಣ್ಣು, ಬೀಜ ಬಿಟ್ಟುಹೋಗುತ್ತವೆ. ಅರ್ಹತೆ ಇರುವ ಸರ್ಕಾರಿ ಸವಲತ್ತುಗಳ ಅರ್ಜಿಯನ್ನು ಮೊದಲ ತಿಂಗಳೇ ಹಾಕಿಸಿರಬೇಕು, ಮಂಜೂರಾಗಲು ಸಮಯ ಹಿಡಿಯುತ್ತದೆ.

ಬಹಳ ಯೋಜನೆಗಳು ಮರೆಯುವುದೇನೆಂದರೆ, ಕಿಟ್ ಬಂದಾಗ ಔಷಧಿ ಇಳಿಸಿದವರಿಗೆ ಕಿಟ್ ನಿಂತಾಗ ಸಕ್ಕರೆ ಏರುತ್ತದೆ. ವೈದ್ಯರಿಗೆ ಎರಡನೇ ಚೀಟಿ ಹೋಗಬೇಕಾದ್ದು ಆಗ. ನಿಂತ ಎರಡನೇ ವಾರಕ್ಕೆ ಮತ್ತು ಆರನೇ ವಾರಕ್ಕೆ ಒಂದೊಂದು ಕರೆ ಮಾಡಿ ಬರಿ ಹೊಟ್ಟೆಯ ಅಂಕಿ ಕೇಳಿ. ಎಚ್‌ಬಿಎ1ಸಿ ಹಿಂದಿನ 8–12 ವಾರದ ಸರಾಸರಿಯಾದ್ದರಿಂದ ಅದನ್ನು ಮೂರು ತಿಂಗಳಿಗೆ ಮುಂಚೆ ಮಾಡಿಸಬೇಡಿ, ಕಿಟ್ ಇದ್ದ ದಿನಗಳ ಅಂಕಿಯೂ ಅದರಲ್ಲಿ ಬೆರೆತಿರುತ್ತದೆ. ಆ ಪರೀಕ್ಷೆಯ ಖರ್ಚನ್ನು ಈಗಲೇ ಅನುದಾನದ ಲೆಕ್ಕದಲ್ಲಿ ತೆಗೆದಿಡಿ.